ಬಿಎಸ್ಸಿ ಸೋಮಣ್ಣನ ಪೇಟ

ಕ್ಯಾತ್ಸಂದ್ರದ ಸ್ಟೇಷನ್ ರಸ್ತೆಯಲ್ಲಿ ನಿಂತು ಬಿಎಸ್ಸಿ ಸೋಮಣ್ಣನ ಹೋಟೆಲು ಎಲ್ಲಿ ಎಂದು ಯಾರನ್ನು ಕೇಳಿದರೂ ತೋರಿಸುತ್ತಾರೆ. ಬೋರ್ಡಿನ ಮೇಲೆ ಬೇರೆ ಹೆಸರಿದೆ, ಅದನ್ನು ಓದಿದವರು ಬರೆದ ಪೇಂಟರು ಮತ್ತು ನಾನು, ಇಬ್ಬರೇ. ಸೋಮಣ್ಣ ಅಂದರೆ ಸೋಮಶೇಖರ್, ನನ್ನ ಗಂಡ. ನಾನು ಸಿದ್ದಗಂಗಮ್ಮ. ಆ ಹೋಟೆಲಿನಲ್ಲಿ ಚಟ್ನಿ ರುಬ್ಬುವವಳು ನಾನು, ಗಲ್ಲಾದಲ್ಲಿ ಕೂರುವವಳು ನಾನು, ತಟ್ಟೆ ಇಡ್ಲಿ ಗಟ್ಟಿಯಾದರೆ ಬೈಸಿಕೊಳ್ಳುವವಳೂ ನಾನೇ. ಇಪ್ಪತ್ತೈದು ವರ್ಷದಿಂದ ಈ ಮನುಷ್ಯನ ಜೊತೆ ಏಗಿದ್ದೇನೆ. ಆದ್ದರಿಂದ ಇವರ ಕಥೆ ಹೇಳುವ ಹಕ್ಕು ನನ್ನದು, ಬೇರೆ ಯಾರಾದರೂ ಹೇಳಲು ಬಂದರೆ ಅವರಿಗೆ ಒಳ್ಳೆಯದಾಗುವುದಿಲ್ಲ.

ಇವರಿಗೆ ಆ ಹೆಸರು ಬಂದದ್ದು ನಮ್ಮ ಲಗ್ನಪತ್ರಿಕೆಯಿಂದ. ನಮ್ಮ ಕಡೆ ಪತ್ರಿಕೆಯಲ್ಲಿ ಹೆಸರಿನ ಪಕ್ಕ ಓದು ಹಾಕಿಸದಿದ್ದರೆ ಗಂಡಿಗೆ ಒಂದು ಕಿವಿ ಇಲ್ಲವೇನೋ ಎಂಬಂತೆ ನೋಡುತ್ತಾರೆ. ಪಿಯುಸಿ ಮಾಡಿದವರು ಪಿಯುಸಿ ಎಂದೇ ಹಾಕಿಸುತ್ತಾರೆ, ಟೈಪಿಂಗ್ ಕಲಿತವರು ಅದನ್ನೂ ಬಿಡುವುದಿಲ್ಲ. ನಮ್ಮ ಪತ್ರಿಕೆಯಲ್ಲಿ 'ಚಿ. ರಾ. ಸೋಮಶೇಖರ್, ಬಿ.ಎಸ್ಸಿ.' ಎಂದು ಚಿನ್ನದ ಬಣ್ಣದಲ್ಲಿ ಅಚ್ಚಾಗಿತ್ತು. ನಮ್ಮಪ್ಪ ಕರಿಬಸವಯ್ಯ, ಗುಬ್ಬಿ ಕಡೆ ಹೆಡ್‌ಮಾಸ್ಟರಾಗಿದ್ದವರು, ಆ ಪತ್ರಿಕೆಗೆ ಲ್ಯಾಮಿನೇಷನ್ ಮಾಡಿಸಿ ಒಂದನ್ನು ತಾವಿಟ್ಟುಕೊಂಡು ಒಂದನ್ನು ನಮಗೆ ಕೊಟ್ಟರು. ಹೋಟೆಲು ತೆರೆದ ದಿನ ಬಂದವರಿಗೆಲ್ಲ ಇಡ್ಲಿಗಿಂತ ಮೊದಲು 'ನಮ್ಮ ಅಳಿಯಂದ್ರು ಬಿಎಸ್ಸಿ' ಎಂಬುದನ್ನೇ ಬಡಿಸಿದರು. ಅಲ್ಲಿಂದ ಹೆಸರು ಅಂಟಿಕೊಂಡಿತು.

ಯಾರಾದರೂ ಹಾಗೆ ಕರೆದಾಗ ಇವರು ಮಾತಾಡದೆ ತಲೆ ತಗ್ಗಿಸಿ ಇನ್ನೊಂದು ಸೌಟು ಚಟ್ನಿ ಹಾಕುತ್ತಿದ್ದರು. ಅದನ್ನು ನಾನು ವಿನಯ ಎಂದುಕೊಂಡಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಹೋದ ವರ್ಷ ಒಂದು ದಿನ, ತಿಂಡಿಯ ಗಲಾಟೆ ಮುಗಿದ ಮೇಲೆ, ಪಾರ್ಸೆಲ್ ಕಟ್ಟುವ ಹಳೇ ಪೇಪರಿನ ಒಂದು ಹಾಳೆ ಹಿಡಿದುಕೊಂಡು ಇವರು ಗಲ್ಲಾದ ಮುಂದೆ ನಿಂತರು. ಮುಖ ಹಿಂಡಿದ ನಿಂಬೆಹಣ್ಣಾಗಿತ್ತು.

"ಗಂಗೂ, ಒಂದ್ ವಿಷ್ಯ ಹೇಳ್ಬೇಕು. ಕೂತ್ಕೊ."

"ಕೂತ್ಕೊಂಡೇ ಇದೀನಲ್ರೀ. ಹೇಳಿ."

"ನಾನು ಬಿಎಸ್ಸಿ ಅಲ್ಲ ಕಣೇ."

ಡಿಗ್ರಿಯ ಕೊನೇ ವರ್ಷ ಒಂದೇ ಒಂದು ಪೇಪರ್ ಉಳಿದುಕೊಂಡಿತ್ತಂತೆ, ಆರ್ಗ್ಯಾನಿಕ್ ಕೆಮಿಸ್ಟ್ರಿ. ಮದುವೆಗೆ ಮುಂಚೆ ಮತ್ತೊಮ್ಮೆ ಬರೆದರಂತೆ, ಮತ್ತೆ ಡುಮ್ಕಿ. ಈಗ ಯೂನಿವರ್ಸಿಟಿಯವರು ಹಳೇ ಕಾಲದ ಫೇಲಾದವರಿಗೆಲ್ಲ ಕೊನೆಯದಾಗಿ ಒಂದು ಅವಕಾಶ ಕೊಟ್ಟಿದ್ದಾರೆಂದು ಆ ಹಾಳೆಯಲ್ಲಿತ್ತು.

"ಮತ್ತೆ ಪತ್ರಿಕೇಲಿ ಹೆಂಗ್ ಬಂತು?" ಎಂದೆ.

"ನಾನು ನೋಡೋ ಹೊತ್ಗೆ ಅಚ್ಚಾಗೋಗಿತ್ತು. ಬ್ರೋಕರ್‌ಗೆ ನಾನು ನಿಜ ಹೇಳಿದ್ದೆ, ಒಂದ್ ಪೇಪರ್ ಐತೆ ಅಂತ. ಅವ್ನು ನಿಮ್ಮಪ್ಪಂಗೆ ಹೇಳ್ದೆ ನುಂಗ್ಕೊಂಡವ್ನೆ. ಮಾವ ಅಷ್ಟೊಂದ್ ನಂಬ್ಕೊಂಡು, ಊರೆಲ್ಲ ಹೇಳ್ಕೊಂಡು ತಿರುಗ್ತಾ ಇದ್ರೆ ಹೆಂಗೆ ಬಾಯಿ ಬಿಡ್ಲಿ?"

ನನಗೆ ಬಂದ ಸಿಟ್ಟನ್ನು ಏನೆಂದು ಹೇಳಲಿ. ನನ್ನ ಅಕ್ಕನ ಗಂಡ ಎಂ.ಎ. ಅವಳು ಎಂ.ಎ. ಅಂದಾಗೆಲ್ಲ ನಾನು 'ಆರ್ಟ್ಸ್ ಯಾರು ಬೇಕಾದ್ರೂ ಓದ್ತಾರೆ, ಸೈನ್ಸು ಕಷ್ಟ' ಎಂದು ಮೂಗು ಮುರಿದವಳು. ಇಪ್ಪತ್ತೈದು ವರ್ಷ ಮುರಿದ ಮೂಗು ಈಗ ಎಲ್ಲಿಡಲಿ? ಪಕ್ಕದಲ್ಲಿದ್ದ ಸೌಟನ್ನು ಎತ್ತಿ ಎಸೆದೆ. ಅದು ಇವರಿಗೆ ತಗಲದೆ ಸಾಂಬಾರಿನ ಪಾತ್ರೆಯೊಳಗೆ ಬಿತ್ತು, ಸಾಂಬಾರು ನನ್ನ ಮೇಲೇ ಹಾರಿತು. ಆ ಅವತಾರದಲ್ಲಿ ನನಗೆ ನಗು ಬಂದುಬಿಟ್ಟಿತು. ಸಿಟ್ಟು ಬಂದಾಗ ನಗು ಬರುವುದು ನಮ್ಮ ವಂಶದ ಕಾಯಿಲೆ.

ಆದರೆ ವಿಷಯ ನಗುವಂಥದ್ದಾಗಿರಲಿಲ್ಲ. ನಮ್ಮ ಮಗಳು ಸಿಂಚನಾಗೆ ಕುಣಿಗಲ್ಲಿನ ಗಂಡು ಗೊತ್ತಾಗಿತ್ತು, ಬೇಸಿಗೆಗೆ ಮದುವೆ, ಅಷ್ಟರೊಳಗೆ ಪತ್ರಿಕೆ ಅಚ್ಚಾಗಬೇಕು. ಅಪ್ಪ ಗುಬ್ಬಿಯಿಂದ ದಿನ ಬಿಟ್ಟು ದಿನ ಫೋನ್ ಮಾಡಿ ಅಳಿಯನ ಹೆಸರಿನ ಪಕ್ಕ ಬಿ.ಎಸ್ಸಿ. ದಪ್ಪಕ್ಷರದಲ್ಲಿ ಬರಬೇಕು ಎನ್ನುತ್ತಿದ್ದರು.

ಇವರು ಮಾತ್ರ ಪಟ್ಟು ಬಿಡಲಿಲ್ಲ. "ನನ್ ಮಗಳ ಪತ್ರಿಕೇಲಿ ಸುಳ್ಳು ಅಚ್ಚಾಗ್ಬಾರ್ದು ಗಂಗೂ. ಪಾಸಾದ್ರೆ ಹಾಕ್ಸಣ. ಆಗ್ಲಿಲ್ಲ ಅಂದ್ರೆ ಮಾವನ ಕಾಲಿಗೆ ಬಿದ್ದು ಎಲ್ಲಾ ಹೇಳ್ಬುಡ್ತೀನಿ."

ಅಪ್ಪನಿಗೆ ಎಂಬತ್ತೆರಡು, ಎದೆಯಲ್ಲಿ ಒಂದು ಸ್ಟೆಂಟು. ಅಳಿಯನ ಬಿಎಸ್ಸಿ ಸುಳ್ಳು ಎಂದು ಕೇಳಿದರೆ ಆ ಸ್ಟೆಂಟು ಏನಾಗುತ್ತದೋ ಎಂದು ನನಗೆ ನಿಜವಾಗಿ ಹೆದರಿಕೆಯಾಯಿತು. ಆದ್ದರಿಂದ ಇವರು ಪಾಸಾಗಲೇಬೇಕಿತ್ತು. ಬೇರೆ ದಾರಿ ಇರಲಿಲ್ಲ.

ಸಿಂಚನಾ ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮಾಡಿ ಬಟವಾಡಿಯ ಒಂದು ಪಿಯು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ತನ್ನಪ್ಪನ ಗುಟ್ಟು ಕೇಳಿ ಅವಳು ಹಾಸಿಗೆಯ ಮೇಲೆ ಬಿದ್ದು ಬಿದ್ದು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು ಪುಸ್ತಕ ತಂದಳು. ಹೋಟೆಲಿನ ಹಿಂದೆಯೇ ನಮ್ಮ ಮನೆ. ಭಾನುವಾರದ ಮಧ್ಯಾಹ್ನ ನಡುಮನೆಯಲ್ಲಿ ಪಾಠ ಶುರುವಾಯಿತು. ಇವರಿಗೆ ಮಿಕ್ಕ ಪಾಠವೆಲ್ಲ ಹೇಗೋ ಗಂಟಲಲ್ಲಿ ಇಳಿಯಿತು. ಎರಡು ಸಲವೂ ಇವರನ್ನು ಬೀಳಿಸಿದ್ದ ಆಸಾಮಿಯ ಹೆಸರು ಇಂಡಕ್ಟಿವ್ ಎಫೆಕ್ಟ್.

"ಕಾರ್ಬನ್‌ಗಳು ಸಾಲಾಗಿ ಕೈ ಹಿಡ್ಕೊಂಡು ನಿಂತಿವೆ ಅನ್ಕೋ ಅಪ್ಪ," ಎಂದಳು ಸಿಂಚನಾ. "ಒಂದು ತುದೀಲಿ ಕ್ಲೋರಿನ್ ಬಂದು ಸೇರ್ಕೊಂಡ್ರೆ, ಅದು ಎಲೆಕ್ಟ್ರಾನ್‌ಗಳನ್ನ ತನ್ನ ಕಡೆ ಎಳ್ಕೊಳುತ್ತೆ. ಆಗ ಪಕ್ಕದ ಕಾರ್ಬನ್ ತನ್ನ ಪಕ್ಕದವನ್ನ ಎಳೆಯುತ್ತೆ, ಅವನು ಇನ್ನೊಬ್ಬನ್ನ. ಯಾರೂ ಜಾಗ ಬಿಟ್ಟು ಹೋಗಲ್ಲ, ಸುಮ್ನೆ ಆ ಕಡೆ ವಾಲ್ತಾರೆ. ದೂರ ಹೋದಂಗೆ ಎಳೆತ ಕಮ್ಮಿ ಆಗುತ್ತೆ. ಮೂರು ಕಾರ್ಬನ್ ದಾಟಿದ್ರೆ ಇದ್ದೂ ಇಲ್ದಂಗೆ. ಇಷ್ಟೇ."

"ಎಲ್ಲಾರೂ ಎಳೆಯೋರೇನಾ?"

"ಇಲ್ಲ, ಕೊಡೋರೂ ಇದಾರೆ, ಪಕ್ಕದವನ ಕಡೆ ತಳ್ಳೋರು. ನಮ್ಮ ಕೊತ್ತಗೆರೆ ಅಜ್ಜಿ ಥರ."

ಕೊತ್ತಗೆರೆ ಅಜ್ಜಿ ಅಂದರೆ ನಮ್ಮತ್ತೆ ಕಲ್ಲಮ್ಮ. ಬೇಡ ಬೇಡ ಎಂದರೂ ಬಸ್ಸಿನ ಮೇಲೆ ತೆಂಗಿನಕಾಯಿ ಮೂಟೆ ಹೇರಿ ಕಳಿಸುವವರು. ಅದು ಇವರಿಗೆ ಒಂದೇ ಸಲಕ್ಕೆ ಅರ್ಥವಾಯಿತು.

"ಸರಿ. ವಿನೆಗರ್‌ನಲ್ಲಿರೋದು ಅಸಿಟಿಕ್ ಆಸಿಡ್. ಅದಕ್ಕೆ ಒಂದು ಕ್ಲೋರಿನ್ ಸೇರಿಸಿದ್ರೆ ಕ್ಲೋರೋ ಅಸಿಟಿಕ್ ಆಸಿಡ್. ಎರಡರಲ್ಲಿ ಯಾವುದು ಜೋರು?"

"ಕ್ಲೋರಿನ್ ಇಲ್ದಿರೋದು," ಎಂದರು ಇವರು, ಗಟ್ಟಿಯಾಗಿ.

ಸಿಂಚನಾ ಹಣೆ ಹಣೆ ಬಡಿದುಕೊಂಡಳು. ಆಗ ತಿಳಿಯಿತು, ಓದುವಾಗಲೂ ಇದನ್ನೇ ಬರೆದದ್ದು, ಮದುವೆಗೆ ಮುಂಚೆಯೂ ಇದನ್ನೇ. ಜ್ಞಾಪಕಶಕ್ತಿ ಚೆನ್ನಾಗಿದೆ, ತಪ್ಪನ್ನು ಒಂದು ಅಕ್ಷರ ಮರೆತಿಲ್ಲ.

"ಅಲ್ಲಮ್ಮಾ, ಎಲ್ಲಾನೂ ತನ್ ಕಡೆ ಎಳ್ಕೊಳೋನು ಮನೇಲಿ ಒಬ್ಬ ಇದ್ರೆ ಏನನ್ನಾದ್ರೂ ಹೊರಗಡೆ ಹೋಗಕ್ಕೆ ಬುಡ್ತಾನಾ? ಹೈಡ್ರೋಜನ್ನೂ ಗಟ್ಟಿಯಾಗೇ ಹಿಡ್ಕೋತಾನೆ. ಹೈಡ್ರೋಜನ್ ಬಿಟ್ಟುಕೊಟ್ರೆ ತಾನೆ ಆಸಿಡ್ಡು?"

"ಎಲೆಕ್ಟ್ರಾನ್ ಎಳ್ಕೊಂಡ್ರೆ ಹೈಡ್ರೋಜನ್ ಹಿಡಿತ ಸಡಿಲ ಆಗುತ್ತಪ್ಪ. ಉದುರಿ ಹೋಗುತ್ತೆ."

"ಅದೆಂಗೆ ಉದುರುತ್ತೆ?"

ಮೂರು ಭಾನುವಾರ ಇದೇ ಆಯಿತು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂದು ನಾನೇ ಅಡುಗೆಮನೆಯಿಂದ ಹೇಳಿದೆ. ಅದರಿಂದ ಇವರಿಗೆ ಬೇಜಾರಾಯಿತು. ಆಗಲಿ ಎಂದುಕೊಂಡೆ.

ಈ ನಡುವೆ ಒಂದು ಬೆಳಿಗ್ಗೆ ಅಪ್ಪ ಹೇಳದೆ ಕೇಳದೆ ಗುಬ್ಬಿಯಿಂದ ರೈಲಿನಲ್ಲಿ ಬಂದಿಳಿದು ಹೋಟೆಲಿಗೆ ನುಗ್ಗಿದರು. ಇವರ ಕೈಯಲ್ಲಿ ಪುಸ್ತಕ. ಗಾಬರಿಯಲ್ಲಿ ಪಕ್ಕದಲ್ಲಿದ್ದ, ಇನ್ನೂ ಹಿಟ್ಟು ಹಾಕದ ಇಡ್ಲಿ ಪಾತ್ರೆಯ ತಟ್ಟೆಯ ಮೇಲೆ ಅದನ್ನಿಟ್ಟು ಮುಚ್ಚಳ ಮುಚ್ಚಿದರು. ನನಗೇನು ಗೊತ್ತು? ನಾನು ಬಂದು, ಹಿಟ್ಟೂ ನೀರೂ ಆಗಲೇ ಹಾಕಿಯಾಗಿದೆ ಎಂದುಕೊಂಡು ಒಲೆ ಹೊತ್ತಿಸಿದೆ. ನೀರೂ ಇತ್ತು ಅನ್ನಿ. ಅಪ್ಪ ಕಾಫಿ ಕುಡಿಯುತ್ತ ಅಳಿಯನ ಯೋಗಕ್ಷೇಮ ಕೇಳುತ್ತಿದ್ದರು, ಅಳಿಯ ಬೆವರೊರೆಸಿಕೊಳ್ಳುತ್ತ ಪಾತ್ರೆಯನ್ನೇ ನೋಡುತ್ತಿದ್ದರು. ಅಪ್ಪ ಹೋದ ಮೇಲೆ ತೆಗೆದರೆ ಆರ್ಗ್ಯಾನಿಕ್ ಕೆಮಿಸ್ಟ್ರಿ ಹದವಾಗಿ ಬೆಂದು ಎರಡರಷ್ಟು ಉಬ್ಬಿತ್ತು. ಆ ಪುಸ್ತಕವನ್ನು ತಂತಿಯ ಮೇಲೆ ಒಣಹಾಕಿದಾಗ ಗಿರಾಕಿಯೊಬ್ಬರು ಇದು ಯಾವ ಹಪ್ಪಳ ಎಂದು ಕೇಳಿದರು.

ಪರೀಕ್ಷೆಗೆ ಹತ್ತು ದಿನ ಉಳಿದಿತ್ತು. ಮಧ್ಯಾಹ್ನ ನಡುಮನೆಗೆ ಹೋದರೆ ಇವರು ಉಬ್ಬಿದ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆ ನೋಡುತ್ತ ಕೂತಿದ್ದರು. ಕಣ್ಣಲ್ಲಿ ನೀರಿತ್ತು. ನಲವತ್ತೆಂಟು ವರ್ಷದ ಗಂಡಸು ಕ್ಲೋರಿನ್ನಿಗೆ ಅಳುವುದನ್ನು ನಾನು ಅದೇ ಮೊದಲು ನೋಡಿದ್ದು. ಕೋಣ ಎಂದ ಬಾಯಿಗೆ ಹೊಡೆದುಕೊಳ್ಳಬೇಕು ಅನ್ನಿಸಿತು. ನಾನೂ ಪಕ್ಕ ಕೂತು ಇವರು ನೋಡುತ್ತಿದ್ದ ಕಡೆಗೇ ನೋಡಿದೆ. ಅಲ್ಲಿ ನಮ್ಮ ಮದುವೆಯ ಫೋಟೋ ಇತ್ತು.

ಆ ಫೋಟೋ ಕಂಡರೆ ನನಗೆ ಮೊದಲಿಂದಲೂ ಆಗುವುದಿಲ್ಲ, ಎಲ್ಲರೂ ಸೊಟ್ಟಗಿದ್ದಾರೆ. ಎಡತುದಿಯಲ್ಲಿ ಅಪ್ಪ. ಫೋಟೋಗ್ರಾಫರ್ ಹತ್ತಿರ ಬನ್ನಿ ಎಂದಾಗ ಅಪ್ಪ ಪಕ್ಕದಲ್ಲಿದ್ದ ಭಾವನ ಹೆಗಲಿಗೆ ಕೈ ಹಾಕಿ ಎಳೆದರು, ಭಾವ ಪೂರ್ತಿ ಅವರ ಮೇಲೆ ವಾಲಿದ್ದಾರೆ. ಭಾವನ ಕೈ ಹಿಡಿದಿದ್ದ ಅಕ್ಕ ಅರ್ಧ ವಾಲಿದ್ದಾಳೆ. ಅಕ್ಕನ ಕೈ ಹಿಡಿದಿದ್ದ ನನ್ನದು ಬರೀ ತಲೆ ಓರೆ, ಬೈತಲೆ ಬೊಟ್ಟು ಹುಬ್ಬಿನ ಮೇಲೆ ಬಂದಿದೆ. ನನ್ನ ಸೆರಗಿಗೆ ಗಂಟು ಬಿದ್ದಿದ್ದ ಇವರು ಪೇಟ ಇಟ್ಟುಕೊಂಡು ಲೈಟು ಕಂಬದ ಹಾಗೆ ನೆಟ್ಟಗೆ.

"ರೀ, ಕ್ಲೋರಿನ್ ಅಲ್ಲೇ ಕೂತದೆ ನೋಡ್ರೀ," ಎಂದೆ.

"ಎಲ್ಲೇ?"

"ಅಪ್ಪ. ಭಾವ ಒಂದನೇ ಕಾರ್ಬನ್ನು, ಅಕ್ಕ ಎರಡನೇದು, ನಾನು ಮೂರನೇದು. ನಿಮ್ ತಂಕ ಎಳೆತ ಬರ್ಲೇ ಇಲ್ಲ. ಈಗ ಭಾವನ್ನೂ ಅಕ್ಕನ್ನೂ ಆಚೆ ಕಳ್ಸಿ. ನನ್ನೂ ಕಳ್ಸಿ. ಅಪ್ಪನ ಪಕ್ಕ ನೀವೇ ನಿಂತಿದೀರಾ, ಹೆಗಲು ಹಿಡಿದು ಎಳೆದ್ರು. ಏನಾಗ್ತಿತ್ತು?"

ಇವರು ಫೋಟೋ ನೋಡಿದರು. ತಮ್ಮ ತಲೆ ಮುಟ್ಟಿಕೊಂಡರು.

"ಪೇಟ ಬಿದ್ದೋಗ್ತಿತ್ತು."

"ಆ ಪೇಟಾನೇ ಹೈಡ್ರೋಜನ್ನು."

ಇವರು ಎದ್ದು ನಿಂತರು. "ಅಂದ್ರೆ ಮಾವ ಪೇಟ ಹಿಡ್ಕೊಳ್ಳಲ್ಲ. ನನ್ನ ಹಿಡ್ಕೊಂಡು ಎಳೀತಾರೆ. ನಾನು ವಾಲ್ದೆ, ಪೇಟ ಸಡಿಲ ಆಯ್ತು, ಉದುರ್ತು. ಮೂರ್ ಜನ ಮಾವಂದ್ರು ಒಟ್ಗೆ ಎಳೆದ್ರೆ?"

"ಪೇಟ ಇರ್ಲಿ, ಪಂಚೆ ಉಳಿಯಲ್ಲ."

"ಟ್ರೈ ಕ್ಲೋರೋ ಅಸಿಟಿಕ್ ಆಸಿಡ್," ಎಂದು ಇವರು ಕೂಗಿದ ಕೂಗಿಗೆ ಹೋಟೆಲಿನಲ್ಲಿ ಕೂತಿದ್ದವರು ಬಿಲ್ಲು ಕೊಟ್ಟು ಎದ್ದರು. ಇವರು ನನ್ನ ಎರಡೂ ಕೈ ಹಿಡಿದು ನಡುಮನೆಯಲ್ಲಿ ಗಿರಗಿರ ತಿರುಗಿಸಿದರು. ಮದುವೆಯಾದಾಗಲೂ ಈ ಮನುಷ್ಯ ಇಷ್ಟು ಖುಷಿಯಾಗಿರಲಿಲ್ಲ. ನನಗೂ ತಲೆ ತಿರುಗಿ, ಬೀರುವಿಗೆ ಒರಗಿಕೊಂಡು ನಕ್ಕೆ. ಸಂಜೆ ಬಂದ ಸಿಂಚನಾ ನಮ್ಮ ಸಿದ್ಧಾಂತ ಕೇಳಿ, ಪೇಟ ಎಂದು ಮಾತ್ರ ಪೇಪರಿನಲ್ಲಿ ಬರೆಯಬೇಡ ಅಪ್ಪ ಎಂದು ಕೈ ಮುಗಿದಳು.

ಪರೀಕ್ಷೆಯ ದಿನ ತುಮಕೂರಿನ ಕಾಲೇಜಿಗೆ ನಾನೂ ಜೊತೆಯಲ್ಲಿ ಹೋದೆ. ಗೇಟಿನಲ್ಲಿ ವಾಚ್‌ಮನ್ ಕೈ ಅಡ್ಡ ಹಿಡಿದ. "ಪೇರೆಂಟ್ಸೆಲ್ಲ ಹೊರಗೇ ಇರ್ಬೇಕು ಸಾರ್."

"ಪೇರೆಂಟ್ ಅವ್ಳು. ನಾನು ಸ್ಟೂಡೆಂಟು," ಎಂದು ಇವರು ಹಾಲ್ ಟಿಕೆಟ್ ತೋರಿಸಿದರು.

ಮೂರು ಗಂಟೆ ನಾನು ಬೇವಿನ ಮರದ ಕೆಳಗೆ ಕೂತು ಎಲ್ಲ ದೇವರಿಗೂ ಹರಕೆ ಹೊತ್ತೆ. ಇವರು ಹೊರಗೆ ಬಂದಾಗ ಅಂಗಿಯ ತುಂಬ ಇಂಕು. "ಕ್ಲೋರಿನ್ ಹತ್ರ ಇರೋದು, ನಡುವೆ ಇರೋದು, ದೂರ ಇರೋದು, ಮೂರು ಆಸಿಡ್ ಕೊಟ್ಟು ಯಾವ್ದು ಜೋರು ಅಂತ ಕೇಳವ್ರೆ ಗಂಗೂ. ಮಾವನ್ನ ನೆನೆಸ್ಕೊಂಡು ಬರ್ದೆ," ಎಂದರು.

ರಿಸಲ್ಟ್ ಬರುವುದು ತಡವಾಯಿತು. ಬಟವಾಡಿಯ ಪ್ರೆಸ್ಸಿನವರು ಪತ್ರಿಕೆಗೆ ಶನಿವಾರ ಕೊನೆ ಎಂದರು. ಅಪ್ಪ ಶುಕ್ರವಾರವೇ ಬಂದು ಮ್ಯಾಟರು ಕೊಡುತ್ತೇನೆ ಎಂದರು. ಶುಕ್ರವಾರ ಬೆಳಿಗ್ಗೆ, ಹೋಟೆಲು ಗಿಜಿಗುಡುವಾಗ, ಸಿಂಚನಾ ಫೋನನ್ನು ತಿಕ್ಕಿ ತಿಕ್ಕಿ ಕೊನೆಗೂ ರಿಸಲ್ಟಿನ ಪುಟ ತೆರೆದಳು. ಇವರು ಇಡ್ಲಿ ಪಾತ್ರೆಯ ಮುಂದೆ ಕಣ್ಣು ಮುಚ್ಚಿ ನಿಂತಿದ್ದರು.

"ಅಪ್ಪ, ಐವತ್ತೊಂದು. ಪಾಸ್."

ಇವರು ಕಣ್ಣು ಬಿಟ್ಟರು. ಆ ಹೊತ್ತಿಗೆ ಕೌಂಟರಿನಲ್ಲಿದ್ದ ಗಿರಾಕಿ, "ಬಿಎಸ್ಸಿ ಸೋಮಣ್ಣ, ಇನ್ನೊಂದ್ ಸ್ವಲ್ಪ ಚಟ್ನಿ," ಎಂದರು. ಇವರು ಮೊದಲ ಸಲ ತಲೆ ಎತ್ತಿ, "ಬಂದೆ," ಎಂದು ಉತ್ತರ ಕೊಟ್ಟರು. ನಾನು ಗಲ್ಲಾದಲ್ಲಿ ಕೂತು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ.

ಮಧ್ಯಾಹ್ನ ಅಪ್ಪ ಬಂದರು. ತಮ್ಮ ದುಂಡಕ್ಷರದಲ್ಲಿ ಬರೆದ ಪತ್ರಿಕೆಯ ಮ್ಯಾಟರು ತಂದಿದ್ದರು, ಬಿ.ಎಸ್ಸಿ. ಕೆಳಗೆ ಎರಡು ಗೆರೆ ಎಳೆದಿದ್ದರು. ಪಾಸಾಯಿತಲ್ಲ, ಇನ್ನು ಹಳೆಯದನ್ನು ಕೆದಕುವುದು ಬೇಡ ಎಂದು ನಾನು ಕಣ್ಸನ್ನೆ ಮಾಡಿದೆ. ಕೇಳುವ ಗಿರಾಕಿಯೇ ಇದು? ಇವರು ನೇರವಾಗಿ ಅಪ್ಪನ ಕಾಲಿಗೆ ಬಿದ್ದರು.

"ಮಾವ, ಅವತ್ತು ಪತ್ರಿಕೇಲಿ ನೀವು ನೋಡಿದ ಬಿಎಸ್ಸಿ ಸುಳ್ಳು. ಇವತ್ತು ಬೆಳಿಗ್ಗೆ ನಿಜ ಆಯ್ತು. ಇಷ್ಟು ವರ್ಷ ನಿಮ್ಗೆ ಮೋಸ ಮಾಡ್ದೆ. ಕ್ಷಮಿಸ್ಬೇಕು."

ನಾನು ನೀರು ತಂದುಕೊಟ್ಟೆ, ಅಪ್ಪ ಅದನ್ನು ಕುಡಿಯದೆ ಪಕ್ಕಕ್ಕಿಟ್ಟರು. ನನ್ನ ಕಣ್ಣು ಅವರ ಎದೆಯ ಮೇಲೇ ಇತ್ತು.

"ಏಳಿ ಅಳಿಯಂದ್ರೇ," ಎಂದರು ಕೊನೆಗೆ. "ನಿಮ್ ಬ್ರೋಕರ್ ನಂಗೆ ಮೊದಲ್ನೇ ದಿನಾನೇ ಹೇಳಿದ್ದ, ಒಂದ್ ಪೇಪರ್ ಉಳ್ಕೊಂಡೈತೆ ಅಂತ. ದೊಡ್ಡಳಿಯಂದ್ರ ಪತ್ರಿಕೇಲಿ ಎಂ.ಎ. ಅಂತ ಇತ್ತು. ಗುಬ್ಬಿ ಜನ ಏನಂದ್ಕೊಂಡಾರು ಅಂತ, ಪ್ರೆಸ್ಸಿನವ್ರಿಗೆ ಬಿ.ಎಸ್ಸಿ. ಅಂತ ಬರ್ಕೊಟ್ಟೋನು ನಾನೇ."

ಏಳಲು ಹೋದ ಇವರು ನೆಲದ ಮೇಲೇ ಕೂತರು.

"ನೀವು ಅದನ್ನ ನೋಡಿ ಒಂದ್ ಮಾತೂ ಅನ್ಲಿಲ್ಲ. ನನ್ ಮರ್ಯಾದೆ ಉಳ್ಸಕ್ಕೆ ಸುಮ್ನಿದೀರಿ ಅಂದ್ಕೊಂಡೆ. ಅವತ್ತಿಂದ ನಿಮ್ಮುಂದೆ ನಿಲ್ಲಕ್ಕೆ ನಂಗೇ ನಾಚ್ಕೆ. ಅದಕ್ಕೇ ಕಂಡೋರ್ಗೆಲ್ಲ ಬಿಎಸ್ಸಿ ಬಿಎಸ್ಸಿ ಅಂತ ಹೇಳ್ಕೊಂಡು ತಿರುಗ್ದೆ. ಹತ್ತು ಜನರ ಬಾಯಲ್ಲಿ ಬಂದ್ರೆ ಸುಳ್ಳು ಸವೆದು ನಿಜ ಆಗುತ್ತೇನೋ ಅಂತ."

ಇಪ್ಪತ್ತೈದು ವರ್ಷ. ಮಾವನಿಗೆ ಮೋಸ ಮಾಡಿದೆನೆಂದು ಇವರು, ಅಳಿಯನ ಮೇಲೆ ಸುಳ್ಳು ಹೊರಿಸಿದೆನೆಂದು ಅಪ್ಪ, ಇಬ್ಬರೂ ಒಳಗೊಳಗೇ ಬೆಂದರು. ನಡುವೆ ನಾನೊಬ್ಬಳು ಏನೂ ತಿಳಿಯದೆ ಅಕ್ಕನ ಮುಂದೆ ಜಂಬ ಮಾಡಿಕೊಂಡು ಓಡಾಡಿದೆ. ಇಬ್ಬರನ್ನೂ ಇಡ್ಲಿ ಪಾತ್ರೆಯಲ್ಲಿ ಕೂರಿಸಿ ಮುಚ್ಚಳ ಹಾಕಬೇಕು ಎನ್ನುವಷ್ಟು ಸಿಟ್ಟು ಬಂತು. ಬೈಯಲು ಬಾಯಿ ತೆರೆದರೆ ನಗು ಬಂತು. ಸಿಂಚನಾಗೂ ಬಂತು. ನಮ್ಮನ್ನು ನೋಡಿ ಅಪ್ಪನಿಗೂ ಬಂತು, ಕೆಮ್ಮಿ ಕೆಮ್ಮಿ ನಕ್ಕರು. ಸ್ಟೆಂಟಿಗೆ ಏನೂ ಆಗಲಿಲ್ಲ.

ನಕ್ಕು ಸುಸ್ತಾದ ಮೇಲೆ ಅಪ್ಪನನ್ನು ಫೋಟೋದ ಮುಂದೆ ನಿಲ್ಲಿಸಿ ಇಂಡಕ್ಟಿವ್ ಎಫೆಕ್ಟ್ ಪಾಠ ಮಾಡಿದೆ. ಅವರು ಕನ್ನಡಕ ಸರಿಮಾಡಿಕೊಂಡು ತಮ್ಮ ಕೈಯನ್ನು, ಭಾವನನ್ನು, ಅಕ್ಕನನ್ನು, ನನ್ನನ್ನು ಬೆರಳಿಟ್ಟು ಎಣಿಸಿದರು. ಇವರ ಹತ್ತಿರ ಬಂದಾಗ ಬೆರಳು ನಿಂತಿತು.

"ನನ್ ಕೈ ಇವ್ರಿಗೆ ತಾಗೇ ಇಲ್ವಲ್ಲ ಗಂಗೂ. ನೆಟ್ಟಗವ್ರೆ."

"ಫೋಟೋದಲ್ಲಿ ನೆಟ್ಟಗವ್ರೆ ಕಣಪ್ಪ," ಎಂದೆ. ಮೂರು ದಾಟಿದರೆ ಎಳೆತ ಇಲ್ಲ ಎಂದು ಸಿಂಚನಾ ಹೇಳಿದ್ದು ಪುಸ್ತಕದ ಮಾತು. ಗುಬ್ಬಿಯಲ್ಲಿ ಅಪ್ಪ ಬರೆದ ಮೂರಕ್ಷರ ಕ್ಯಾತ್ಸಂದ್ರದವರೆಗೂ ಬಂದು ಇವರ ತಲೆಯನ್ನು ಇಷ್ಟು ವರ್ಷ ತಗ್ಗಿಸಿತ್ತು.

ಮದುವೆ ಕುಣಿಗಲ್ಲಿನ ಛತ್ರದಲ್ಲಿ ಚೆನ್ನಾಗಿ ನಡೆಯಿತು. ಪತ್ರಿಕೆಯಲ್ಲಿ ಇವರ ಬಿ.ಎಸ್ಸಿ. ಬೇರೆಯವರ ಡಿಗ್ರಿಗಳ ಅಳತೆಯಲ್ಲೇ ಇತ್ತು, ದಪ್ಪಕ್ಷರ ಬೇಡ ಎಂದು ಅಪ್ಪನೇ ಹೊಡೆದು ಹಾಕಿದ್ದರು. ಧಾರೆಯಾದ ಮೇಲೆ ಮನೆಯವರ ಫೋಟೋ. ಅಪ್ಪ ತಮ್ಮ ಅಭ್ಯಾಸದಂತೆ ತುದಿಯಲ್ಲಿ ನಿಂತರು. ಫೋಟೋಗ್ರಾಫರ್ ಹತ್ತಿರ ಬನ್ನಿ ಎಂದ. ಅಪ್ಪನ ಕೈ ಮೇಲೆದ್ದಿತು, ಆಮೇಲೆ ಏನೋ ನೆನಪಾದವರಂತೆ ಅದನ್ನು ಕೆಳಗಿಳಿಸಿ ಬೆನ್ನ ಹಿಂದೆ ಕಟ್ಟಿಕೊಂಡರು.

ಅದನ್ನು ಇವರು ನೋಡಿದರು. ಮಗಳ ಪಕ್ಕದ ಜಾಗ ಬಿಟ್ಟು, ಭಾವನನ್ನೂ ಅಕ್ಕನನ್ನೂ ದಾಟಿ ಆ ತುದಿಗೆ ಹೋದರು. ಅಪ್ಪನ ಕೈಯನ್ನು ಬೆನ್ನ ಹಿಂದಿನಿಂದ ಬಿಡಿಸಿ ತಮ್ಮ ಹೆಗಲ ಮೇಲೆ ಹಾಕಿಕೊಂಡರು.

"ಎಳೀರಿ ಮಾವ. ಈಗ ಪಕ್ಕದಲ್ಲೇ ಇದೀನಿ."

ಅಪ್ಪ ಎಳೆದರು. ಎಂಬತ್ತೆರಡರ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ. ಇವರು ಪೂರ್ತಿ ವಾಲಿದರು, ಹೆಣ್ಣಿನ ತಂದೆಗೆ ಉಡುಗೊರೆ ಬಂದಿದ್ದ ಪೇಟ ತಲೆಯಿಂದ ಜಾರಿತು, ಸಿಂಚನಾ ಮದುವಣಗಿತ್ತಿ ಎಂಬುದನ್ನೂ ಮರೆತು 'ಆಸಿಡ್' ಎಂದು ಕಿರುಚಿದಳು. ಅದೇ ಹೊತ್ತಿಗೆ ಫ್ಲಾಶ್ ಹೊಡೆಯಿತು.

ಆ ಫೋಟೋ ಈಗ ಹೋಟೆಲಿನಲ್ಲಿ ಗಲ್ಲಾದ ಮೇಲೆ ಇದೆ. ಪೇಟ ಗಾಳಿಯಲ್ಲಿದೆ, ಇವರು ಬರಿತಲೆಯಲ್ಲಿ ಬಾಯಿ ತುಂಬ ನಗುತ್ತಿದ್ದಾರೆ, ಅಪ್ಪ ಅಳುತ್ತಿದ್ದಾರೆ. ಕೇಳಿದವರಿಗೆಲ್ಲ ನಾನೇ ಪಾಠ ಹೇಳುತ್ತೇನೆ.